ಅಮ್ಮ ಕಲಿಸಿದ ಅಳು

ಸಾವಿನ ಮನೆಯಲ್ಲಿ ರಾಗ ಎಳೆದು ಅಳುವುದರಲ್ಲಿ ನಮ್ಮಮ್ಮನನ್ನು ಮೀರಿಸುವವರು ಬೂದಿಕೋಟೆ ಸುತ್ತಮುತ್ತ ಇರಲಿಲ್ಲ. ಯಾರು ಸತ್ತರೂ ಮೊದಲು ಅಮ್ಮನಿಗೆ ಹೇಳಿಕಳಿಸುತ್ತಿದ್ದರು. ಹೆಣದ ತಲೆದೆಸೆಯಲ್ಲಿ ಕೂತು, ಸತ್ತವರು ಬದುಕಿದ್ದಾಗ ಮಾಡಿದ್ದನ್ನೆಲ್ಲ ಒಂದೊಂದಾಗಿ ಹಾಡಿನಂತೆ ಹೇಳಿಕೊಂಡು ಅಳುತ್ತಿದ್ದಳು. ಸತ್ತವರ ಮುಖವನ್ನೇ ಕಂಡಿರದ ದೂರದ ನೆಂಟರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುವವಳು. ನನಗೆ ಸಿಟ್ಟು ಬೇಗ ಬರುತ್ತದೆ, ಅಳು ಬರುವುದಿಲ್ಲ. ಅಪ್ಪ ಸತ್ತಾಗಲೂ ನಾನು ಕಲ್ಲಿನ ಹಾಗೆ ಕೂತಿದ್ದೆ.

ಹೋದ ವರ್ಷ ಊರ ಕಡೆ ಒಂದು ಸಾವಾಯಿತು. ನನ್ನ ಜೊತೆ ಕ್ವಾರ್ಟರ್ಸ್‌ನಲ್ಲೇ ಇರುವ ಅಮ್ಮ, ಮಂಡಿ ನೋವನ್ನೂ ಲೆಕ್ಕಿಸದೆ ಹೊರಟಳು. ಬಂಗಾರಪೇಟೆಯಲ್ಲಿ ಬಸ್ಸು ಬದಲಾಯಿಸಿ ಹೋಗಿ ನೋಡಿದರೆ, ಹೆಣದ ಪಕ್ಕದಲ್ಲಿ ಮೊಬೈಲಿಗೆ ಜೋಡಿಸಿದ ಒಂದು ಸ್ಪೀಕರ್. ಅದರಲ್ಲಿ ಯಾರೋ ಅಳುತ್ತಾ ಹಾಡುತ್ತಿದ್ದರು. ಮುಗಿದರೆ ಮತ್ತೆ ಮೊದಲಿಂದ. ಅಮ್ಮ ಕೂತು ಬಾಯಿ ತೆರೆಯುವಷ್ಟರಲ್ಲಿ ಆ ಮನೆಯ ಸೊಸೆ ಬಂದು, "ವಯಸ್ಸಾಯ್ತು, ನಿಮಗ್ಯಾಕೆ ಆಯಾಸ. ಸ್ಪೀಕರ್ನಾಗೆ ಆಡು ಆಕಿದೀವಲ್ಲ," ಅಂದಳು. ಅಮ್ಮ ಬಾಯಿ ಮುಚ್ಚಿದಳು.

ವಾಪಸು ಬರುವಾಗ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ನಂಗೆ ಆ ಡಬ್ಬಾ ಇಡಬ್ಯಾಡ ಕಣೇ. ನಾನ್ ಸತ್ರೆ ನೀನೇ ರಾಗ ಎಳ್ದು ಅಳಬೇಕು."

"ನಂಗೆ ಬರಲ್ಲಮ್ಮ."

"ಕಲಿಸ್ತೀನಿ," ಅಂದಳು. ತಮಾಷೆಗೆ ಅಂದದ್ದಲ್ಲ. ಊರಿನ ಅಷ್ಟು ಹೆಣಗಳಿಗೆ ಅತ್ತವಳು, ತನಗೆ ಅಳುವವರು ಯಾರೂ ಇರುವುದಿಲ್ಲ ಎಂದು ಹೆದರಿದ್ದಳು.

ಆ ಭಾನುವಾರ ಬೆಳಗ್ಗೆ ತಿಂಡಿ ಆದಮೇಲೆ ಹಾಲ್‌ನಲ್ಲಿ ಚಾಪೆ ಹಾಸಿ, ಕಾಲು ನೀಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಮಲಗಿದಳು. ನನಗೆ ಮೈ ಉರಿಯಿತು. ಇದೆಂಥ ಅಪಶಕುನ ಎಂದು ರೇಗಿದೆ.

"ಸತ್ರು ಅಂತ ಸುಳ್ಳು ಸುದ್ದಿ ಅಬ್ಬಿದ್ರೆ ಆಯಸ್ಸು ಜಾಸ್ತಿ ಆಯ್ತದಂತೆ. ಅಳು, ಅಳು."

ಬೇರೆ ದಾರಿ ಕಾಣದೆ ಪಕ್ಕದಲ್ಲಿ ಕೂತು, "ಚಿನ್ನದಂಥ ನಮ್ಮಮ್ಮಾ," ಎಂದು ಶುರು ಮಾಡಿದೆ.

"ಚಿನ್ನ ಅನ್ಬ್ಯಾಡ. ಈ ಊರಾಗೆ ಯಾರ್ ಸತ್ರೂ ಚಿನ್ನಾನೇ. ಬ್ಯಾರೆ ಏನಾರ ಏಳು."

"ಯಾರಿಗೂ ಒಂದು ಮಾತು ಅಂದೋಳಲ್ಲಮ್ಮಾ."

"ಸುಳ್ಳು. ನಿಮ್ಮಪ್ಪನ ತಂಗೀಗೆ ದಿನಾ ಅಂದಿದೀನಿ. ಸುಳ್ಳು ಏಳಿದ್ರೆ ಕೂತಿರೋರು ನಗ್ತಾರೆ."

ನಾನು ಸಿಟ್ಟಿನಲ್ಲಿ ದನಿ ಎತ್ತರಿಸಿ, "ಊಟ ಆಯ್ತಾ ಅಂತ ಇನ್ನು ಯಾರು ಕೇಳ್ತಾರಮ್ಮಾ," ಎಂದು ಎಳೆದೆ.

"ಸಾರು ಅಲ್ಲೇ ಅದೆ, ಬಿಸಿ ಮಾಡ್ಕೋ," ಅಂದಿತು ಹೆಣ.

ಅಷ್ಟರಲ್ಲಿ ಪಕ್ಕದ ಮನೆಯವರು, ಧಾರವಾಡದ ಕಡೆಯವರು, ಕೈಗೆ ಮೆತ್ತಿದ್ದ ರೊಟ್ಟಿ ಹಿಟ್ಟಿನ ಸಮೇತ ಓಡಿಬಂದರು. "ಏನಾತ್ರೀ, ಅಜ್ಜಿ ಹ್ವಾದ್ರ?"

ಅಮ್ಮ ತಲೆ ಎತ್ತಿ, "ಇನ್ನೂ ಇಲ್ಲ ಕಣಮ್ಮ. ಇವಳು ಕಲೀತಾವಳೆ," ಅಂದಳು. ಆಕೆ ಬಾಗಿಲಿಗೆ ಒರಗಿ ಒಂದು ಗಳಿಗೆ ಸುಧಾರಿಸಿಕೊಂಡು, ನಮ್ಮಿಬ್ಬರಿಗೂ ಬೈದು, ಬಾಗಿಲು ಎಳೆದುಕೊಂಡು ಹೋದರು.

ನನ್ನ ಕೈಲಾಗುವುದಿಲ್ಲ ಎಂದು ಎದ್ದೆ. ಅಮ್ಮ ನನ್ನ ಕೈ ಹಿಡಿದು ಕೂರಿಸಿದಳು. "ಇನ್ನ ಮಾತಾಡಲ್ಲ. ನಂಗೆ ಏಳ್ದೆ ಒಳಗಿಟ್ಕೊಂಡಿರೋದು ಏನಾರ ಇದ್ರೆ ಅದನ್ನ ಏಳು. ರಾಗ ತಾನಾಗೇ ಬತ್ತದೆ." ಕಣ್ಣು ಮುಚ್ಚಿದಳು.

ಹೇಳದೆ ಇಟ್ಟುಕೊಂಡದ್ದು ಒಂದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಾನು ಹಾಲ್ ಟಿಕೆಟ್ ಮರೆತು ಬಂಗಾರಪೇಟೆಗೆ ಹೋಗಿದ್ದೆ. ಅಮ್ಮ ಕೊಟ್ಟಿಗೆಯ ಕೆಲಸ ಅಲ್ಲಿಗೇ ಬಿಟ್ಟು, ಹಾಲಿನ ಗಾಡಿ ಹತ್ತಿ, ಅದನ್ನು ತಂದುಕೊಟ್ಟಳು. ಸಗಣಿ ಮೆತ್ತಿದ ಸೀರೆಯಲ್ಲಿ, ಬರಿಗಾಲಲ್ಲಿ, ಗೇಟಿನಾಚೆ ನಿಂತು ನನ್ನ ಹೆಸರು ಕೂಗಿದಳು. ಯಾರೇ ಅದು ಎಂದು ಗೆಳತಿಯರು ಕೇಳಿದರು. ನಮ್ಮನೆ ಕೆಲಸದೋಳು, ಅಂದೆ. ಟಿಕೆಟನ್ನು ಜವಾನನ ಕೈಯಿಂದ ಇಸಿದುಕೊಂಡೆ. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ.

"ಗೇಟಿನಾಚೆ ನಿಂತಿದ್ಯಲ್ಲಮ್ಮಾ," ಅಂದೆ. "ಬರಿಗಾಲಲ್ಲಿ ನಿಂತಿದ್ಯಲ್ಲಮ್ಮಾ. ಅಮ್ಮ ಅಂತ ಹೇಳ್ದೆ ಹೋದೆನಲ್ಲಮ್ಮಾ. ಕೆಲಸದೋಳು ಅಂದೆನಲ್ಲಮ್ಮಾ."

ಎಲ್ಲಿತ್ತೋ ಆ ರಾಗ. ನಿಲ್ಲಿಸೋಣವೆಂದರೂ ನಿಲ್ಲಲಿಲ್ಲ. ನಾಚಿಕೆಯಿಂದ ಸತ್ತುಹೋಗುವ ಹಾಗಾಗಿತ್ತು. ಅಮ್ಮ ಒಂದು ಮಾತನ್ನಾದರೂ ಆಡಲಿ, ಬೈಯಲಿ ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಅವಳ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ ಎದ್ದು ಕೂತಳು. ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು, ಚಿಕ್ಕ ಮಗುವಿಗೆ ಒರೆಸುವಂತೆ.

"ಸತ್ಮೇಲೆ ಏಳಿದ್ರೆ ನಂಗೆಲ್ಲಿ ಕೇಳಿಸ್ತಿತ್ತು, ಮಗಾ," ಅಂದಳು. "ಈಗ ಕೇಳಿದ್ದಾಯ್ತು. ನಾನ್ ಸತ್ತಾವತ್ತು ನೀನು ಸುಮ್ಕೆ ಕೂತಿದ್ರೂ ಆಯ್ತದೆ."