ಔಡಲೆಣ್ಣೆ ಸವರಿದ ರೀಲು

ಚಿಗವ್ವ ಟ್ರಂಕಿನಿಂದ ಆ ಡಬ್ಬಿ ತೆಗೆದು ನನ್ನ ಕೈಗಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಔಡಲೆಣ್ಣೆಯದು ಒಂದು, ಅದರ ಕೆಳಗೆ ಹುಳಿಹುಳಿಯಾದದ್ದು ಇನ್ನೊಂದು. ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ಚಕ್ರ, ಅದಕ್ಕೆ ಸುತ್ತಿದ ಲಾಡಿಯಷ್ಟು ಸಣ್ಣ ಫಿಲ್ಮು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿತು.

"ಇದರಾಗ ನಿಮ್ಮವ್ವ ಅದಾಳ," ಅಂದಳು ಚಿಗವ್ವ.

ನನ್ನ ಅವ್ವ ನಾನು ಕೂಸಾಗಿದ್ದಾಗಲೇ ಜ್ವರ ಬಂದು ತೀರಿಕೊಂಡವಳು. ಅವಳದೊಂದು ಫೋಟೋ ಕೂಡ ಯಾರ ಮನೆಯಲ್ಲೂ ಇಲ್ಲ. ಯಲಬುರ್ಗಾದಲ್ಲಿ ಅಪ್ಪನ ಕಡೆಯವರ ಹತ್ತಿರ ಬೆಳೆದ ನಾನು ಅವಳ ಮೂಗು ಹೀಗಿತ್ತು, ಹಣೆ ಹಾಗಿತ್ತು ಎಂದು ಕೇಳಿದ್ದೇನೆ, ಅಷ್ಟೇ. ಅವಳ ತವರು ಹೊಳೆಯ ನಡುವಿನ ವಿರೂಪಾಪುರಗಡ್ಡೆ. ಹೊಳೆಯಾಚೆಯ ಹಂಪಿ ನೋಡಲು ಬಂದ ಪರದೇಶದ ಹೆಂಗಸೊಬ್ಬಳು ಗಡ್ಡೆಯಲ್ಲಿ ಉಳಿದುಕೊಂಡಿದ್ದಾಗ ಭತ್ತ ನಾಟಿ ಮಾಡುವವರನ್ನು ಸಣ್ಣ ಕ್ಯಾಮೆರಾದಲ್ಲಿ ಹಿಡಿದಿದ್ದಳಂತೆ. ಮರುವರ್ಷ ಯಾರದೋ ಕೈಯಲ್ಲಿ ಈ ರೀಲು ಕಳಿಸಿಕೊಟ್ಟಳು. ಅಷ್ಟರಲ್ಲಿ ಅವ್ವ ಇರಲಿಲ್ಲ, ಅದನ್ನು ಓಡಿಸಿ ನೋಡುವ ಮಷೀನೂ ಯಾರಲ್ಲೂ ಇರಲಿಲ್ಲ. ಅವ್ವನ ತಂಗಿಯಾದ ಈ ಚಿಗವ್ವ ಮದುವೆಯಾಗಿ ಗಂಗಾವತಿಗೆ ಬರುವಾಗ ಸೀರೆಗಳ ಜೊತೆ ಅದನ್ನೂ ತಂದುಕೊಂಡಳು.

"ಎಣ್ಣಿ ಯಾಕ ಐತಿ ಇದಕ್ಕ?" ಅಂದೆ.

"ಹುಳ ಹತ್ತಬಾರದಲ್ಲವ್ವ. ಗೋದಿಗೆ, ತೊಗರಿಗೆ ಸವರೂದಿಲ್ಲೇನು, ಹಂಗ ಸವರೀನಿ. ವರ್ಷಾ ಬ್ಯಾಸಗ್ಯಾಗ ಒಂದೊಪ್ಪತ್ತು ಬಿಸಿಲಿಗೂ ಹಾಕತಿದ್ದೆ."

ನನ್ನ ಜೀವ ಬಾಯಿಗೆ ಬಂತು. ಬಿಸಿಲಿಗೆ! ಗಂಗಾವತಿಯ ಬೇಸಿಗೆ ಬಿಸಿಲಿಗೆ, ಮೆಣಸಿನಕಾಯಿಯ ಪಕ್ಕದಲ್ಲಿ! ಬೈಯಲೆಂದು ಬಾಯಿ ತೆರೆದೆ, ಬೈಯಲಾಗಲಿಲ್ಲ. ಇಷ್ಟು ವರ್ಷ ಅದನ್ನು ಬೀಜ ಕಾದಂತೆ ಕಾದವಳು ಅವಳೊಬ್ಬಳೇ. ಈಗ ಅವಳ ಎರಡೂ ಕಣ್ಣು ಮಂಜಾಗುತ್ತಿದ್ದವು, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದಿದ್ದರು ಡಾಕ್ಟರು. ಅವ್ವನ ಮುಖ ಗುರುತಿಸಬಲ್ಲ ಕಣ್ಣುಗಳು ಬೇರೆ ಯಾರವೂ ಉಳಿದಿರಲಿಲ್ಲ.

ನಾನು ಮೊದಲೇ ಪುಕ್ಕಲಿ. ನಾನು ಕೆಲಸ ಮಾಡುವ ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಗಂಟೆ ಬಾರಿಸಿದರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಆ ಡಬ್ಬಿ ಮನೆಗೆ ಬಂದ ಮೇಲಂತೂ ನಿದ್ದೆಯೇ ಹಾಳಾಯಿತು. ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸುತ್ತಿದ್ದೆ. ಹುಳಿ ವಾಸನೆ ಹೆಚ್ಚಾಗಿದೆ ಅನ್ನಿಸುತ್ತಿತ್ತು. ಮೊಬೈಲಿನಲ್ಲಿ ಹುಡುಕಿದರೆ ಆ ವಾಸನೆ ಬಂತೆಂದರೆ ಫಿಲ್ಮು ಕೆಡಲು ಶುರುವಾಗಿದೆ ಎಂದೇ ಅರ್ಥ ಎಂದಿತ್ತು. ನನ್ನ ಮಗಳು, "ತೆಗೆದು ತೆಗೆದು ನೀನೇ ಅದನ್ನ ಕೆಡಸ್ತಿ ನೋಡವ್ವ," ಎಂದು ಗದರಿದಳು. ಅದೂ ಒಂದು ಹೆದರಿಕೆ ಸೇರಿಕೊಂಡಿತು.

ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲೆಂದು ರಜೆ ಹಾಕಿ ಕೊಪ್ಪಳದ ಒಂದು ಫೋಟೋ ಸ್ಟುಡಿಯೋಗೆ ಹೋದೆ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಸೀಟು ಹಿಡಿದು ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಒಳಗೆ ಬಂಗಾರವಿದೆ ಎಂದುಕೊಂಡಿರಬೇಕು, ಆಗಾಗ ಚೀಲದ ಕಡೆಗೇ ನೋಡುತ್ತಿದ್ದಳು. ಸ್ಟುಡಿಯೋದವನು ರೀಲನ್ನು ತಿರುಗಿಸಿ ಮುರುಗಿಸಿ ನೋಡಿ, "ಕ್ಯಾಸೆಟ್ ಇದ್ರ ಪೆನ್‌ಡ್ರೈವಿಗೆ ಹಾಕಿ ಕೊಡತೀನ್ರಿ. ಇದು ನಮ್ಮ ಕಡೆ ಆಗೂದಿಲ್ಲ," ಎಂದು ಮುಂಬೈಗೆ ಫೋನು ಹಚ್ಚಿದ. ಅವರು ಹೇಳಿದ ರೇಟನ್ನು ಬೆರಳಲ್ಲಿ ಲೆಕ್ಕ ಹಾಕಿದೆ. ಅಷ್ಟು ಕೊಟ್ಟರೆ ಮಗಳ ಕಾಲೇಜಿನ ಫೀಸು ನಿಲ್ಲುತ್ತಿತ್ತು. ಮೇಲಾಗಿ ಕೊರಿಯರ್ ಮಾಡಬೇಕು.

"ದಾರ್ಯಾಗ ಕಳದ್ರ?"

"ಕಳದ್ರ ಹೋತ್ರಿ, ಏನ್ ಮಾಡಾಕ ಬರತೈತಿ," ಅಂದ, ಛತ್ರಿ ಕಳೆದ ಹಾಗೆ. ಅವನು ತರಿಸಿದ ಚಹಾ ಕುಡಿಯದೆ ಎದ್ದು ಬಂದೆ.

ಗಂಗಾವತಿಯಲ್ಲೊಬ್ಬ ಕಡಿಮೆಯಲ್ಲಿ ಮಾಡುತ್ತಾನೆ ಎಂದರು. ಅವನಲ್ಲಿ ಹಳೆಯ ಪ್ರೊಜೆಕ್ಟರ್ ಇತ್ತು. ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ಹಿಡಿದುಕೊಡುತ್ತೇನೆಂದ. ನಾನು ಇನ್ನೇನು ಒಪ್ಪುವವಳಿದ್ದೆ. ಅಷ್ಟರಲ್ಲಿ ಮೇಜಿನ ಮೇಲೆ ಬಿದ್ದಿದ್ದ ಫಿಲ್ಮಿನ ತುಂಡೊಂದು ಕಣ್ಣಿಗೆ ಬಿತ್ತು. ನಡುವೆ ಕಂದುಬಣ್ಣದ ತೂತು. "ಒಮ್ಮೊಮ್ಮೆ ಸಿಕ್ಕೊಂತೈತ್ರಿ, ಬಲ್ಬಿನ ಝಳಕ್ಕ ಸುಡತೈತಿ," ಎಂದು ನಕ್ಕ. ಆ ತೂತಿನ ಜಾಗದಲ್ಲಿ ಯಾರ ಮುಖವಿತ್ತೋ. ರೀಲನ್ನು ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಕೇಳಿ ಬರುತ್ತೇನೆಂದು ಸುಳ್ಳು ಹೇಳಿ ಹೊರಬಿದ್ದೆ.

ಕೊನೆಗೆ ಸಿಕ್ಕವನು ಕುಷ್ಟಗಿಯ ಮದುವೆ ವಿಡಿಯೋದವನು. ಯಾವುದೋ ಶ್ರೀಮಂತರ ಮನೆಯ ಹಳೆಯ ರೀಲುಗಳಿಗಾಗಿ ಮಷೀನೊಂದನ್ನು ಹೊಂದಿಸಿಕೊಂಡಿದ್ದ. ಬಿಸಿಯಾಗದ ದೀಪ, ಒಂದೊಂದೇ ಚಿತ್ರವನ್ನು ಹಿಡಿದು ಕಂಪ್ಯೂಟರಿಗೆ ಕಳಿಸುವ ಕ್ಯಾಮೆರಾ. ರೇಟೂ ನನ್ನ ಕೈಗೆ ಎಟುಕುವಂತಿತ್ತು. ಆದರೆ ಮನುಷ್ಯ ಮಾತ್ರ ಸಿಡುಕ. ಚಿಗವ್ವನನ್ನು ಕರೆದುಕೊಂಡು ಹೋದೆ. ಹತ್ತಿಯಿಂದ ಎಣ್ಣೆ ಒರೆಸುತ್ತ ಅವನು ಗೊಣಗಿದ, "ಹಿಂಗ ಎಣ್ಣಿ ಹಚ್ಚಿದ್ದು ಎಲ್ಲೂ ನೋಡಿಲ್ಲ ನಾ. ಹೊರಗಿನ ಸುತ್ತು ಮೆತ್ತಗ ಅದಾವ, ಒಳಗಿನವು ಒಣಗಿ ಹಪ್ಪಳ ಆಗ್ಯಾವ. ಒಂದು ಸಲಾನ ಓಡತೈತಿ. ಮುರದ್ರ ನನ್ನ ಮ್ಯಾಲ ಬರಬ್ಯಾಡ್ರಿ."

ಚಿಗವ್ವ ತಪ್ಪಿತಸ್ಥಳಂತೆ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

ಮಷೀನು ಟಕ್ ಟಕ್ ಎಂದು ಶುರುವಾಯಿತು. ಪರದೆಯ ಮೇಲೆ ಹೊಳೆ ಬಂತು, ಹರಿಗೋಲು ಬಂತು, ಹಸಿರು ಗದ್ದೆ ಬಂತು. ಚಿಗವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಇಂವ ನಿಮ್ಮ ಮಾಮ. ಇದು ನಮ್ಮ ಬಿಳಿ ಎತ್ತು. ಇಕಿ ನಾನು ನೋಡು," ಎಂದು ಹೇಳುತ್ತ ಹೋದಳು. ಅವ್ವ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಚಟ್ ಎಂದಿತು. ಅವನು ಮಷೀನು ನಿಲ್ಲಿಸಿದ. ಕ್ಯಾಮೆರಾ ದಾಟಿ ಹೋದ ಫಿಲ್ಮು ಸುರುಳಿ ಸುತ್ತುವಲ್ಲಿ ಮುರಿದಿತ್ತು.

"ಇನ್ನ ಮುಂದ ಎಲ್ಲಾ ಹಿಂಗ ಮುರೀತೈತ್ರಿ. ಇಷ್ಟಕ್ಕ ಸಾಕು ಮಾಡೂಣೇನು? ದೊಡ್ಡ ಊರಾಗ ಯಾರರ ಮಾಡಬಹುದು."

"ಅಕಿ ಕಡೀಕ ಬಂದ್ಲು," ಅಂದಳು ಚಿಗವ್ವ. "ಎಲ್ಲಾರದೂ ಮುಗದ ಮ್ಯಾಲ ನಿನ್ನ ಎತಗೊಂಡು ಬದುವಿನ ಮ್ಯಾಲ ಬಂದ್ಲು. ನನಗ ನೆನಪೈತಿ."

ಇಬ್ಬರೂ ನನ್ನ ಮುಖ ನೋಡಿದರು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಓಡಿಸಿದರೆ ಚೂರಾಗಬಹುದು. ಇಟ್ಟುಕೊಂಡು ಕೂತರೆ ಡಬ್ಬಿಯಲ್ಲೇ ಪುಡಿಯಾಗಬಹುದು, ಅಷ್ಟರಲ್ಲಿ ಚಿಗವ್ವನ ಕಣ್ಣೂ ಹೋಗಿರುತ್ತದೆ.

"ಓಡಸ್ರಿ," ಅಂದೆ.

ಮುಂದೆ ಚಿತ್ರ ಹೋಗುತ್ತಿತ್ತು, ಹಿಂದೆ ಚೂರು ಬೀಳುತ್ತಿತ್ತು. ನಾನು ಪರದೆ ನೋಡಲಾರದೆ ನೆಲಕ್ಕೆ ಬೀಳುತ್ತಿದ್ದ ಚೂರುಗಳನ್ನೇ ನೋಡುತ್ತ ನಿಂತೆ. ಸದ್ದು ನಿಂತ ಮೇಲೆ ಅವನು, "ಹಿಡದೈತ್ರಿ ಎಲ್ಲಾ," ಎಂದ. ಸಿಡುಕ ಮೊದಲ ಸಲ ಮೆತ್ತಗೆ ಮಾತಾಡಿದ್ದ. ಕೊನೆಯ ಭಾಗವನ್ನು ಸರಿಯಾದ ವೇಗದಲ್ಲಿ ಹಚ್ಚಿದ.

ಬದುವಿನ ಮೇಲೆ ಒಬ್ಬಳು ಬಂದಳು. ತಲೆಯ ಮೇಲಿನ ಸೆರಗು ಗಲ್ಲದವರೆಗೂ ಇಳಿದಿತ್ತು, ಬಗಲಲ್ಲಿ ಕೂಸು. "ಅಕೀನ," ಅಂದಳು ಚಿಗವ್ವ. ಮುಖ ಕಾಣಲಿಲ್ಲ. ಇಷ್ಟೇ ನನ್ನ ಪಾಲಿಗೆ, ಮುಗಿಯಿತು ಎಂದುಕೊಂಡೆ. ಆಗ ಆ ಕೂಸು ಕೈ ಚಾಚಿ ಸೆರಗನ್ನು ಹಿಡಿದು ಎಳೆಯಿತು.

ಸೆರಗು ಜಾರಿತು. ಅವ್ವ ನನ್ನ ಮಗಳಿಗಿಂತ ಸಣ್ಣ ಹುಡುಗಿ. ಅಗಲವಾದ ಕಣ್ಣು, ಅರೆತೆರೆದ ಬಾಯಿ. ನಗು ಇರಲಿಲ್ಲ. ಅವಳು ಹೆದರಿ ನಡುಗುತ್ತಿದ್ದಳು.

"ಆಗ ಹೆಂಗಸ್ರೆಲ್ಲಾ ಅಂತಿದ್ರು, ಆ ಮಷೀನಿಗೆ ಮುಖ ಕೊಟ್ರ ಆಯುಷ್ಯ ಕಮ್ಮಿ ಆಗತೈತಿ ಅಂತ," ಅಂದಳು ಚಿಗವ್ವ. "ಅಕಿ ಭಾಳ ನಂಬತಿದ್ಲು."

ಪರದೆಯ ಮೇಲೆ ಅವ್ವನ ಕೈ ಮೇಲೆದ್ದಿತು. ಜಾರಿದ ಸೆರಗಿಗೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ತನ್ನ ಮುಖವನ್ನು ಹಾಗೇ ಬಯಲಿಗೆ ಬಿಟ್ಟು, ಅಂಗೈ ಅಗಲಿಸಿ ಅವಳು ನನ್ನ ಮುಖವನ್ನು ಮುಚ್ಚಿದಳು. ರೀಲು ಅಲ್ಲಿಗೆ ಮುಗಿದಿತ್ತು.