ಅಪ್ಪನ ಮೆಚ್ಚಿನ ಸಂಖ್ಯೆ, 142857

ಊರಿನ ಬೇರೆ ಗಂಡಸರಿಗೆ ಇಸ್ಪೀಟಿನ ಹುಚ್ಚು, ನಮ್ಮಪ್ಪನಿಗೆ 142857ರ ಹುಚ್ಚು. ದಬ್ಬೇಘಟ್ಟದ ಬಸ್ಸಿಗೆ ಕಾಯುವಾಗಲೂ ಪಕ್ಕದವರನ್ನು ಹಿಡಿದುಕೊಂಡು ಶುರು ಮಾಡುತ್ತಿದ್ದರು. "ಎರಡರಿಂದ ಗುಣಿಸ್ರೀ, 285714. ಮೂರರಿಂದ, 428571. ಅದೇ ಆರು ಜನ, ಅದೇ ಸಾಲು ಕಣ್ರೀ. ಮುಂದೆ ನಿಂತೋರು ಮಾತ್ರ ಬೇರೆ!" ಆರರವರೆಗೂ ಹೀಗೇ. ಏಳರಿಂದ ಗುಣಿಸಿದರೋ, ಆ ಆರೂ ಜನ ಮಂಗಮಾಯ, ಬರೀ ಒಂಬತ್ತುಗಳು: 999999. ಅಲ್ಲಿಗೆ ಬಂದಾಗ ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಎಷ್ಟೋ ಸಲ ಅಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತಿತ್ತು.

ಆ ಹುಚ್ಚು ನನಗೂ ಅಂಟಿತು. ಸುಮ್ಮನೆ ಹೊಗಳುತ್ತಿಲ್ಲ, ನೀವೇ ನೋಡಿ. ನಡುವೆ ಮುರಿದು 142ಕ್ಕೆ 857 ಕೂಡಿಸಿ, 999. ಎರಡೆರಡಾಗಿ ಮುರಿದು ಕೂಡಿಸಿ, 99. ಅದನ್ನು ಅದರಿಂದಲೇ ಗುಣಿಸಿದರೆ 20408122449. ಮೊದಲ ಐದು ಅಂಕಿಯನ್ನು ಉಳಿದ ಆರು ಅಂಕಿಗೆ ಕೂಡಿಸಿದರೆ ಮತ್ತೆ 142857! ಇದು ಹೊಳೆದ ದಿನ ಓಡಿಹೋಗಿ ಏಣಿ ಹತ್ತಿದೆ. ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಹಾಕಿದ್ದ ಕಾಯಿಗಳನ್ನು ಅಪ್ಪ ಒಂದೊಂದಾಗಿ ಅಲುಗಿಸಿ, ಒಳಗೆ ಒಣಗಿದ ಕೊಬ್ಬರಿ ಗಡಗಡ ಅನ್ನುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. "ಅಬ್ಬಬ್ಬಾ, ಎಂಥಾ ಘಾಟಿ ನಂಬರ್ ಕಣೇ ಇದು!" ಎಂದು ಅಲ್ಲೇ ಕೂತುಬಿಟ್ಟರು.

ಹೋದ ವರ್ಷ ಅಪ್ಪನಿಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತು. ತುಮಕೂರಿನ ಆಸ್ಪತ್ರೆಯಲ್ಲಿ ಎಚ್ಚರವಾಗಿ ಮಾತೇನೋ ಬಂತು, ಆದರೆ ನನ್ನನ್ನು ನೋಡಿ "ಯಾರಮ್ಮ ನೀನು?" ಎಂದರು. ಪಟ್ಟಣದಲ್ಲಿ ಬೆಳೆದ ಎಳೆ ವಯಸ್ಸಿನ ಡಾಕ್ಟರು ಹತ್ತರವರೆಗೆ ಎಣಿಸಲು ಹೇಳಿದರು. ಅಪ್ಪ ಶುರು ಮಾಡಿದರು: "ಲಾಭ, ಎರಡು, ಮೂರು..."

"ಮೊದಲೇ ತಪ್ಪಿತಲ್ಲಮ್ಮ" ಎಂದು ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು.

ನನಗೆ ರೇಗಿತು. "ತಪ್ಪೆಲ್ಲಿ ಬಂತು? ನಮ್ ಕಡೆ ಕಾಯಿ ಎಣಿಸ್ಲಿ, ರಾಗಿ ಅಳೀಲಿ, ಒಂದು ಅನ್ನಲ್ಲ. ಮೊದಲ್ನೇದು ಲಾಭ ಕಣ್ರೀ!"

ಪಾಪ, ಅವರು ನಕ್ಕುಬಿಟ್ಟರು. "ಹಾಗಾದರೆ ನೀವೇ ಏನಾದರೂ ಕೇಳಿ ನೋಡಿ" ಎಂದು ಕುರ್ಚಿ ಬಿಟ್ಟುಕೊಟ್ಟರು.

ಏನು ಕೇಳಲಿ? ಊರಿನ ಹೆಸರು ಕೇಳಲು ಭಯ, ನನ್ನ ಹೆಸರು ಕೇಳಲು ಇನ್ನೂ ಭಯ. "ಅಪ್ಪ, 142857. ಎರಡರಿಂದ?" ಎಂದೆ. ಅಪ್ಪ ಸೂರು ನೋಡುತ್ತಾ ಶುರು ಮಾಡಿದರು. "ಎರಡು, ಎಂಟು, ಐದು... ಏಳು, ಒಂದು, ನಾಲ್ಕು." ಡಾಕ್ಟರು ಮೊಬೈಲಿನಲ್ಲಿ ಗುಣಿಸಿ ನೋಡಿ ಕಣ್ಣರಳಿಸಿದರು. ಮೂರರಿಂದ ಕೇಳಿದೆ, ಅದೂ ಸರಿ. ನಾಲ್ಕಕ್ಕೆ ಬಂದಾಗ ಅಪ್ಪ, ನೀನು ಹೇಳು ಎಂಬಂತೆ ನನ್ನತ್ತ ಗದ್ದ ಎತ್ತಿದರು. ಅಳು ಒತ್ತರಿಸಿ ಬರುತ್ತಿತ್ತು, ಲೆಕ್ಕ ಯಾರಿಗೆ ಬೇಕಿತ್ತು? "ಐದು, ಏಳು, ನಾಲ್ಕು..." ಎಂದು ತಡವರಿಸಿದೆ.

ಅಪ್ಪ ಹುಬ್ಬು ಗಂಟಿಕ್ಕಿದರು. "ಥೂ! ಏಳಾದ್ಮೇಲೆ ಒಂದು ಬತ್ತದೆ. ನನ್ ಮಗಳಾಗಿ ಇಷ್ಟೂ ಬರಲ್ವೇನೇ ನಿಂಗೆ?"