ಓಡುವ ಅಜ್ಜಿಗೆ ಟ್ರ್ಯಾಕ್ಟರ್ ಲಿಫ್ಟ್

ಓಟದ ಸ್ಪರ್ಧೆಗೆ ಇಳಿದವರು ಟ್ರ್ಯಾಕ್ಟರ್ ಏರಿ ಬಂದದ್ದನ್ನು ಕೇಳಿದ್ದೀರಾ? ನಾನು ಬಂದೆ. ಹೋದ ರವಿವಾರ, ಶೇಂಗಾ ಚೀಲಗಳ ಮೇಲೆ ಕುಳಿತು!

ನನಗೆ ಅರವತ್ತೇಳು ಎಂಬುದು ನಿಮಗೆ ಗೊತ್ತೇ ಇದೆ. (ನನ್ನ ಮೊಣಕಾಲಿನ ಪುರಾಣ ಓದಿ ಓದಿ ನಿಮಗೂ ನೋವು ಬಂದಿರಬೇಕು.) ಹೊಂಬಳದ ಕಡೆಯಿಂದ ಗದಗಿಗೆ ಹಿರಿಯರ ಓಟವಿತ್ತು. ಹೋದ ವರ್ಷ ಅರ್ಧಕ್ಕೇ ಕುಸಿದು ಕುಳಿತಿದ್ದೆ. ಹಾಗಾಗಿ ಈ ಸಲ ನಮ್ಮ ಯಜಮಾನರ ಆರ್ಡರ್ ಮೊದಲೇ ಆಗಿತ್ತು: "ಈ ಸಲಾನೂ ಮುಗಸಲಿಲ್ಲಂದ್ರ ಬೂಟು ಅಟ್ಟಕ್ಕ. ಮತ್ತ ಓಡೋ ಮಾತು ಎತ್ತಬಾರದು ನೋಡು." ನಾನೂ ಜಿದ್ದಿಗೆ ಬಿದ್ದು ಹೂಂ ಅಂದೆ.

ಸೀರೆ, ಕೆಳಗೆ ಸ್ಪೋರ್ಟ್ಸ್ ಬೂಟು. ಎದೆಗೆ ನಂಬರ್ ಚೀಟಿ ಸಿಕ್ಕಿಸಿದ್ದರು. ಸೆರಗು ಹಾರದಿರಲೆಂದು ಮೈತುಂಬ ಹೊದ್ದು ಸೊಂಟಕ್ಕೆ ಬಿಗಿದೆ. ನಂಬರ್ ಒಳಗೆ ಮುಚ್ಚಿಹೋಯಿತು. ಗ್ರಹಚಾರ ಅಲ್ಲೇ ಶುರು.

ದಾರಿಯಲ್ಲೊಂದು ಬೇವಿನ ಮರ. ಉಳಿದವರೆಲ್ಲ ಆಗಲೇ ಮುಂದೆ ಹೋಗಿ, ನಾನೊಬ್ಬಳೇ ಹಿಂದೆ ಉಳಿದಿದ್ದೆ. ಅಲ್ಲಿ ಹಿಂದಿನಿಂದ ಬಂದ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಚೀಲಗಳ ಮೇಲೆ ಕುಳಿತಿದ್ದ ಇಬ್ಬರು ಹೆಂಗಸರು, "ಅಯ್ಯ ಯವ್ವಾ, ಈ ವಯಸ್ಸಿನಾಗ ಹಿಂಗ್ ಓಡಾಕತ್ತೀರಲ್ಲ! ಬಸ್ ತಪ್ಪೇತೇನ್ರಿ? ದವಾಖಾನಿಗೆ ಹೊಂಟೀರೇನು? ಹತ್ರಿ, ಹತ್ರಿ!" ಎನ್ನುತ್ತಾ ರಟ್ಟೆ ಹಿಡಿದು ಮೇಲೆಳೆದುಕೊಂಡೇ ಬಿಟ್ಟರು.

ಏದುಸಿರಿನಲ್ಲಿ ನನಗೆ ಮಾತು ಹೊರಡಬೇಕಲ್ಲ? ಇಂಜಿನ್ ಸದ್ದು ಬೇರೆ. ಒಬ್ಬಾಕೆ ನೀರು ಕುಡಿಸಿ ಬೆನ್ನು ಸವರಿದಳು. "ಏನೂ ಆಗಿರಂಗಿಲ್ಲ, ಹೆದರಬ್ಯಾಡ್ರಿ."

ಅಂತೂ ಕೂಗಾಡಿ ಇಳಿದಾಗ ಗೆಲುವಿನ ರಿಬ್ಬನ್ ಕಣ್ಣೆದುರಿಗೇ ಇತ್ತು! ಪಕ್ಕದಲ್ಲಿ ಛತ್ರಿ ಹಿಡಿದ ಯಜಮಾನರು. ನಾಲ್ಕು ಹೆಜ್ಜೆ ಓಡಿದ್ದರೆ ಬೂಟು ಉಳಿಯುತ್ತಿತ್ತು. ಆಸೆಯಾಗಲಿಲ್ಲವೇ? ಆಯಿತಪ್ಪ, ಖಂಡಿತ ಆಯಿತು. ಆದರೂ ಗಿರಕ್ಕನೆ ತಿರುಗಿ, ಬಂದ ದಾರಿಯಲ್ಲೇ ಓಡತೊಡಗಿದೆ.

"ಲೇ, ಎಲ್ಲಿ ಹೊಂಟಿ? ರಿಬ್ಬನ್ ಈ ಕಡೆ ಐತಿ!"

"ಟ್ರ್ಯಾಕ್ಟರ್ ಹತ್ತಿದ ಜಾಗಾ ಮುಟ್ಟಿ ಬರ್ತೀನ್ರಿ!"

ಮರ ಮುಟ್ಟಿದೆ. ಮತ್ತೆ ಓಡಿದೆ. ಎಲ್ಲರಿಗಿಂತ ಕೊನೆಗೆ ಬಂದಾಗ ರಿಬ್ಬನ್ ಬಿಚ್ಚಿ ಶಾಮಿಯಾನ ಮಡಚುತ್ತಿದ್ದರು. ಆದರೆ ವಿಷಯ ತಿಳಿದು ಅಲ್ಲೇ ಉಳಿದಿದ್ದ ಆ ಇಬ್ಬರು ಹೆಂಗಸರು, ಚೀಲ ಬಿಗಿಯುವ ಹಗ್ಗವನ್ನೇ ಅಡ್ಡ ಹಿಡಿದು ನಿಂತಿದ್ದರು! "ಬರ್ರಿ ಯವ್ವಾರ, ಜಲ್ದಿ ಬರ್ರಿ!" ಹಗ್ಗಕ್ಕೆ ಎದೆಯೊಡ್ಡಿ ದಾಟಿದೆ. ಏನು ಖುಷಿ ಅಂತೀರಿ! ಯಜಮಾನರು ಛತ್ರಿ ಎತ್ತಿ ಕುಣಿದೇ ಬಿಟ್ಟರು. ಬೂಟು ಈಗ ಬಾಗಿಲ ಬಳಿಯೇ ಇದೆ.

ಇವತ್ತು ಬೆಳಿಗ್ಗೆಯೂ ಓಡುವಾಗ ಒಂದು ಬೈಕು ನಿಂತಿತು. "ಏನಾತ್‌ಬೇ ಯವ್ವಾ?"

ಏನೂ ಆಗಿಲ್ಲ ಪುಣ್ಯಾತ್ಮರೇ, ವಯಸ್ಸಾದವರು ಓಡಿದರೆ ಏನಾದರೂ ಆಗಿರಲೇಬೇಕಾ?